ಅಪ್ಪ ಹೋಗಿ ಹದಿನೇಳು ವರ್ಷ: ಮಗನದು ದುಃಖವೋ, ಸೋಮಾರಿತನವೋ?

ಪ್ರಶ್ನೆ: ‘ದಿ ಕಿಂಗ್ ಆಫ್ ಸ್ಟೇಟನ್ ಐಲ್ಯಾಂಡ್’ ನೋಡಿದೆ. ಏಳು ವರ್ಷದವನಿದ್ದಾಗ ಅಪ್ಪ ಸತ್ತ ಅಂತ ಇಪ್ಪತ್ನಾಲ್ಕಾದರೂ ಅಮ್ಮನ ಮನೇಲಿ ಗಾಂಜಾ ಸೇದುತ್ತ ಕೂತಿರೋನಿಗೆ ನಾವು ಮರುಕ ಪಡಬೇಕಾ? ನಮ್ಮ ತುಮಕೂರಲ್ಲಾಗಿದ್ದರೆ ಯಾವತ್ತೋ ಕೆಲಸಕ್ಕೆ ಹಚ್ಚಿರೋರು. ನಮ್ಮಕ್ಕನ ಮಗನೂ ಹೀಗೇ ಆಗಿದಾನೆ. ಅವನಿಗೆ ಈ ಸಿನಿಮಾ ತೋರಿಸಲಾ?

ಉತ್ತರ: ಈ ಸಿನಿಮಾ ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ನಿಮ್ಮ ಮೊದಲ ಪ್ರಶ್ನೆಯನ್ನೇ. ಮರುಕ ಪಡಲೇಬೇಕು ಅಂತೇನಿಲ್ಲ, ನಿರ್ದೇಶಕ ಜಡ್ ಅಪಟೋ ಕೂಡ ಅದನ್ನು ಬೇಡುವುದಿಲ್ಲ. ಆದರೆ ಹುಡುಗನ ಹೆಸರಿನ ಮುಂದೆ ‘ಸೋಮಾರಿ’ ಅಂತ ಷರಾ ಬರೆಯುವ ಮುಂಚೆ ಮೊದಲ ದೃಶ್ಯವನ್ನು ಇನ್ನೊಂದು ಸಲ ನೋಡಿ. ಕಥಾನಾಯಕ ಸ್ಕಾಟ್ ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದಾನೆ. ಓಡಿಸುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಸೋಮಾರಿಗೆ ಜೀವದ ಮೇಲೆ ಆಸೆ ಇರುತ್ತದೆ. ಇವನಿಗೆ ಅದೂ ಗಟ್ಟಿಯಾಗಿಲ್ಲ. ಆಮೇಲೆ ಬರುವ ಅವನ ತಮಾಷೆಗಳನ್ನೆಲ್ಲ ಈ ಮುಚ್ಚಿದ ಕಣ್ಣು ನೆನಪಿಟ್ಟುಕೊಂಡೇ ಕೇಳಬೇಕು.

ಕಥೆ ಪೂರ್ತಿ ಕಲ್ಪನೆಯದಲ್ಲ. ಸ್ಕಾಟ್ ಪಾತ್ರ ಮಾಡಿರುವ ಪೀಟ್ ಡೇವಿಡ್‌ಸನ್ ಅವರ ತಂದೆ ನ್ಯೂಯಾರ್ಕ್‌ನ ಅಗ್ನಿಶಾಮಕ ದಳದಲ್ಲಿದ್ದವರು. 2001ರ ಸೆಪ್ಟೆಂಬರ್ 11ರಂದು ಕರ್ತವ್ಯದಲ್ಲೇ ತೀರಿಕೊಂಡರು. ಆಗ ಪೀಟ್‌ಗೆ ಏಳು ವರ್ಷ. ಆ ತಂದೆಯ ಹೆಸರೇ ಸ್ಕಾಟ್. ಚಿತ್ರಕಥೆಯಲ್ಲಿ ಪೀಟ್ ಕೈಯೂ ಇದೆ. ಸಿನಿಮಾದಲ್ಲಿ ಮಾತ್ರ ಅಪ್ಪ ಸಾಯುವುದು ಒಂದು ಹೋಟೆಲಿನ ಬೆಂಕಿಯಲ್ಲಿ. ಜಗತ್ತೇ ಅತ್ತ ಸಾವನ್ನು ಬಿಟ್ಟು, ಒಂದು ಮನೆಯವರಷ್ಟೇ ಅಳುವ ಸಾವನ್ನು ಆರಿಸಿಕೊಂಡಿದ್ದು ಜಾಣತನ.

‘ತುಮಕೂರಲ್ಲಾಗಿದ್ದರೆ’ ಅಂದಿರಲ್ಲ, ಅಲ್ಲಿಗೇ ಬರೋಣ. ನಮ್ಮಲ್ಲಿ ಅಪ್ಪ ಹೋದ ದಿನವೇ ಮಗನ ಕೈಗೆ ಕೆಲಸ ಬೀಳುತ್ತದೆ. ಕೊಳ್ಳಿ ಇಡಬೇಕು, ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ. ಆಮೇಲೆ ಮರಣ ಪತ್ರ, ವಂಶವೃಕ್ಷ, ಪೌತಿ ಖಾತೆ ಅಂತ ನಾಡಕಚೇರಿಗೆ ಅಲೆದಾಟ. ಇದರ ನಡುವೆ ಯಾರೋ ಒಬ್ಬರು ಹೆಗಲ ಮೇಲೆ ಕೈಯಿಟ್ಟು, “ಇನ್ಮೇಲೆ ಮನೆಗೆ ನೀನೇ ಕಣಪ್ಪ ದೊಡ್ಡೋನು” ಅಂತಾರೆ. ಸ್ಕಾಟ್‌ಗೆ ಇದ್ಯಾವುದೂ ಸಿಗಲಿಲ್ಲ ನಿಜ. ಆದರೆ ನಮ್ಮ ಹುಡುಗರೆಲ್ಲ ಇದರಿಂದಲೇ ದೊಡ್ಡವರಾಗಿಬಿಡುತ್ತಾರೆ ಅಂತ ನನಗನ್ನಿಸುವುದಿಲ್ಲ. ಓಡಾಡುವುದು ಕಲಿಯುತ್ತಾರೆ, ಅಷ್ಟೇ.

ಎರಡೂ ಕಡೆ ಒಂದೇ ತರ ಇರುವುದು ಗೋಡೆಯ ಮೇಲಿನ ಫೋಟೋ. ಸತ್ತ ಅಪ್ಪ ಹಾರ ಹಾಕಿಸಿಕೊಂಡು ದೇವರಾಗಿಬಿಡುತ್ತಾನೆ, ಅವನ ಸಿಟ್ಟು, ಸಾಲ, ಪುಂಡಾಟ ಯಾವುದನ್ನೂ ಯಾರೂ ಎತ್ತುವುದಿಲ್ಲ. ಸ್ಕಾಟ್ ಮನೆಯಲ್ಲೂ ಅಪ್ಪ ಬರೀ ವೀರ. ದೇವರ ಜೊತೆ ಜಗಳ ಆಡಿ ಗೆಲ್ಲುವ ಮಗ ಯಾರಿದ್ದಾನೆ? ಅದಕ್ಕೇ ಅವನು ಏಳನೇ ವಯಸ್ಸಿನಲ್ಲೇ ನಿಂತುಬಿಟ್ಟಿದ್ದಾನೆ. ಅಪ್ಪ ಹೋದಾಗ ಕೂಸಾಗಿದ್ದ ತಂಗಿ ಕ್ಲೇರ್ ಮಾತ್ರ ಓದಿ ಕಾಲೇಜಿಗೆ ಹೊರಟು ನಿಂತಿದ್ದಾಳೆ.

ಅಮ್ಮ ಮಾರ್ಜಿ ಹದಿನೇಳು ವರ್ಷದ ಮೇಲೆ ಒಬ್ಬನನ್ನು ಮೆಚ್ಚುತ್ತಾಳೆ. ಅವನು ರೇ, ಅವನೂ ಅಗ್ನಿಶಾಮಕ ದಳದವನೇ! ಸ್ಕಾಟ್ ಒಂಬತ್ತು ವರ್ಷದ ಹುಡುಗನೊಬ್ಬನ ತೋಳಿಗೆ ಹಚ್ಚೆ ಚುಚ್ಚಲು ಹೋಗಿ, ಅವನಪ್ಪನಾದ ಈ ರೇ ಉಗಿಯಲು ಬಂದಿದ್ದರಿಂದ ಶುರುವಾದ ಪರಿಚಯ ಇದು. ರೇಗೂ ಸ್ಕಾಟ್‌ಗೂ ಕೈ ಮಿಲಾಯಿಸುವ ಹಂತಕ್ಕೆ ಹೋದಾಗ ಮಾರ್ಜಿ ಇಬ್ಬರನ್ನೂ ಮನೆಯಿಂದಾಚೆ ಹಾಕುತ್ತಾಳೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಮಗನಿಗೆ ಆದ ದೊಡ್ಡ ಉಪಕಾರ ಇದೇ.

ಹೋಗಲು ಜಾಗವಿಲ್ಲದೆ ಅವನು ಸೇರುವುದು ರೇ ಇರುವ ಅಗ್ನಿಶಾಮಕ ಠಾಣೆಗೆ. ಗುಡಿಸುತ್ತಾನೆ, ಲಾರಿ ತೊಳೆಯುತ್ತಾನೆ. ಅಪ್ಪನನ್ನು ಬಲ್ಲ ಹಳಬರು ಅಲ್ಲಿ ನಗುನಗುತ್ತಾ ಅವನ ಕಥೆ ಹೇಳುತ್ತಾರೆ: ಧೈರ್ಯಸ್ಥ ಹೌದು, ಮಹಾ ಪುಂಡನೂ ಹೌದು. ಹಿರಿಯನ ಪಾತ್ರದ ಸ್ಟೀವ್ ಬುಶೆಮಿ ನಟರಾಗುವ ಮೊದಲು ನ್ಯೂಯಾರ್ಕ್‌ನ ಅದೇ ದಳದಲ್ಲಿ ನಿಜವಾಗಿ ಕೆಲಸ ಮಾಡಿದವರು, ಹಾಗಾಗಿ ಆ ಮಾತುಗಳಲ್ಲಿ ನಟನೆಯೇ ಕಾಣುವುದಿಲ್ಲ. ಅಪ್ಪ ಫೋಟೋದಿಂದ ಕೆಳಗಿಳಿಯುವುದು ಇಲ್ಲೇ. ಆಮೇಲೇ ಮಗ ಉಸಿರಾಡುವುದು.

ಗುಬ್ಬಿ ಕಂಪನಿಯ ಊರಿನವರಾದ ನಮಗೆ ಅಳುವ ಸೀನು ಮುಗಿದ ಮೇಲೆ ಹಾಸ್ಯದವನು ಬರುವುದು ಗೊತ್ತು. ವೀರಣ್ಣನವರೇ ಹಾಸ್ಯಕ್ಕೆ ಹೆಸರಾದವರು. ಈ ಸಿನಿಮಾದಲ್ಲಿ ಅಳಬೇಕಾದವನೂ ಸ್ಕಾಟೇ, ನಗಿಸುವವನೂ ಅವನೇ. ಅವನ ಜೋಕುಗಳು ಕೆಲವು ಸಲ ಕಿರಿಕಿರಿ ಅನ್ನಿಸುವುದು ಅದಕ್ಕೇ, ಅನ್ನಿಸಬೇಕು ಕೂಡ. ಆದರೆ ಎರಡು ಗಂಟೆ ಹದಿನೈದು ನಿಮಿಷ ಹೆಚ್ಚಾಯಿತು. ಔಷಧಿ ಅಂಗಡಿಯ ಕಳ್ಳತನವನ್ನು ಕತ್ತರಿಸಿದ್ದರೆ ಏನೂ ನಷ್ಟವಿರಲಿಲ್ಲ.

ಇನ್ನೊಂದು ವಿಷಯ. ನಮ್ಮ ಸಿನಿಮಾ ಆಗಿದ್ದರೆ ಅವನು ಕೊನೆಗೆ ಅಪ್ಪನ ಸಮವಸ್ತ್ರ ತೊಟ್ಟಿರುತ್ತಿದ್ದ. ಅನುಕಂಪದ ನೌಕರಿ ಕಂಡಿರುವ ನಮಗೆ ಅಪ್ಪನ ಜಾಗಕ್ಕೆ ಮಗ ಬರುವುದು ಸಹಜ. ಇಲ್ಲಿ ಅವನು ಹಚ್ಚೆಯವನಾಗಿಯೇ ಉಳಿಯುತ್ತಾನೆ. ಕಲಿಯಲು ರೇ ತನ್ನ ಬೆನ್ನನ್ನೇ ಕೊಡುತ್ತಾನೆ. ಅಪ್ಪನ ಕೆಲಸ ಮುಂದುವರಿಸದೆಯೂ ಅಪ್ಪನ ಮಗನಾಗಿರಬಹುದು ಅನ್ನುವ ಈ ಭಾಗ ನನಗೆ ತುಂಬ ಹಿಡಿಸಿತು.

ನಿಮ್ಮ ಅಕ್ಕನ ಮಗನ ವಿಚಾರ. ದುಃಖ ವರ್ಷಗಟ್ಟಲೆ ಆರದೆ ದಿನದ ಬದುಕನ್ನೇ ಕೆಡಿಸಿದರೆ ಅದನ್ನು ವೈದ್ಯರು ಈಗ ಕಾಯಿಲೆಯಾಗಿಯೇ ಗುರುತಿಸುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಹುಡುಗ ಗಾಡಿಯನ್ನು ಜೀವದ ಹಂಗಿಲ್ಲದೆ ಓಡಿಸುತ್ತಿದ್ದರೆ, ಸಾಯುವ ಮಾತಾಡುತ್ತಿದ್ದರೆ ಸಿನಿಮಾ ಪಕ್ಕಕ್ಕಿಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಂಥದ್ದೇನಿಲ್ಲ ಅಂದರೆ ಸಿನಿಮಾ ತೋರಿಸಿ, ಆದರೆ ಮೊದಲು ನಿಮ್ಮಕ್ಕನಿಗೆ. ಬೈಗುಳ, ಗಾಂಜಾ ಎರಡೂ ಧಾರಾಳವಾಗಿವೆ ಅಂತ ಮುಂಚೆಯೇ ಹೇಳಿಬಿಡಿ.