ಫಿಟ್‌ನೆಸ್ ಆ್ಯಪ್: ದಿನದ ಗುರಿ ಬೇಡ, ವಾರದ ಗುರಿ ಇರಲಿ

ಕಳೆದ ಮಳೆಗಾಲದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದ ನಲವತ್ತಾರು ವರ್ಷದ ಬ್ಯಾಂಕ್ ಉದ್ಯೋಗಿಯೊಬ್ಬರ ಕಣಕಾಲಿನ ಮೂಳೆಯ ಒಳಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೂ ಅವರು ನೋವಿನಿಂದ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ನೋವು ಕಾಣಿಸಿಕೊಂಡು ಮೂರು ವಾರ ಕಳೆದಿದ್ದರೂ ಒಂದು ದಿನವೂ ಓಟ ತಪ್ಪಿಸಿರಲಿಲ್ಲ. ಏಕೆಂದು ಕೇಳಿದಾಗ ಮೊಬೈಲ್ ತೆರೆದು ನನ್ನ ಮುಂದಿಟ್ಟರು. ಸತತ 112 ದಿನ ಎಂದು ಪರದೆಯ ಮೇಲೆ ಬರೆದಿತ್ತು. “ಇವತ್ತು ಬಿಟ್ಟರೆ ಮತ್ತೆ ಒಂದರಿಂದ ಶುರು ಮಾಡಬೇಕಲ್ಲ ಮೇಡಂ” ಎಂದರು.

ಆ ಆ್ಯಪ್ ತೆಗೆದುಹಾಕಿ ಎಂದು ನಾನು ಹೇಳಲಿಲ್ಲ. ಎರಡು ವರ್ಷದ ಹಿಂದೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಅವರನ್ನು ಬೆಳಗಿನ ಐದೂವರೆಗೆ ಹಾಸಿಗೆಯಿಂದ ಎಬ್ಬಿಸಿದ್ದು ಅದೇ ಆ್ಯಪ್. ಸ್ಪರ್ಧೆಗಾಗಿ ಓಡುವವರಿಗೆ ತರಬೇತುದಾರರಿರುತ್ತಾರೆ, ತಂಡವಿರುತ್ತದೆ, ಪಂದ್ಯಗಳ ಪಟ್ಟಿ ಇರುತ್ತದೆ. ಕೆಲಸ, ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಓಡುವ ಹವ್ಯಾಸಿಗಳಿಗೆ ಇವು ಯಾವುವೂ ಇಲ್ಲದಿರುವುದರಿಂದ, ನಿನ್ನೆ ಮಾಡಿದ್ದನ್ನು ನೆನಪಿಟ್ಟುಕೊಂಡು ಇವತ್ತು ಕೇಳುವ ಒಂದು ಸಾಧನಕ್ಕೆ ದೊಡ್ಡ ಬೆಲೆಯಿದೆ.

ಜೊತೆಗಾರರ ಪ್ರಭಾವವೂ ಸಣ್ಣದಲ್ಲ. ಸುಮಾರು 11 ಲಕ್ಷ ಓಟಗಾರರ ದಾಖಲೆಗಳನ್ನು ಐದು ವರ್ಷಗಳ ಕಾಲ ಪರಿಶೀಲಿಸಿ 2017ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ನೇಹಿತರು ಒಂದು ಕಿಲೋಮೀಟರ್ ಹೆಚ್ಚು ಓಡಿದ ದಿನ ನಾವೂ ಸುಮಾರು 300 ಮೀಟರ್ ಹೆಚ್ಚು ಓಡುತ್ತೇವೆ ಎಂದು ತೋರಿಸಿತು. ಸ್ವಾರಸ್ಯವೆಂದರೆ, ಕಡಿಮೆ ಓಡುವವರು ಹೆಚ್ಚು ಓಡುವವರ ಮೇಲೆ ಬೀರುವ ಪ್ರಭಾವವೇ ಹೆಚ್ಚು; ಹಿಂದಿನವರು ಹತ್ತಿರ ಬರುತ್ತಿದ್ದಾರೆ ಎಂಬ ಅರಿವು ಮುಂದಿನವರ ಕಾಲಿಗೆ ವೇಗ ಕೊಡುತ್ತದೆ. ಓಟ, ಸೈಕ್ಲಿಂಗ್ ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಗೆಳೆಯರು ಒತ್ತುವ ‘ಕುಡೋಸ್’ ಮೆಚ್ಚುಗೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರು ಕಬ್ಬನ್ ಪಾರ್ಕಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಓಟ ಮುಗಿಸಿ ಮರದಡಿ ನಿಂತವರನ್ನು ಗಮನಿಸಬೇಕು. ನೀರು ಕುಡಿಯುವುದಕ್ಕೂ ಮೊದಲೇ ಅವರ ಕೈ ಫೋನಿನತ್ತ ಹೋಗಿರುತ್ತದೆ.

ತೊಂದರೆ ಹುಟ್ಟುವುದು ಗುರಿಯನ್ನು ದಿನದ ಲೆಕ್ಕದಲ್ಲಿ ಕಟ್ಟಿಹಾಕಿದಾಗ. ನಿತ್ಯ 10,000 ಹೆಜ್ಜೆ ಎಂಬ ಸಂಖ್ಯೆಯನ್ನೇ ನೋಡಿ. ಅದು ವೈದ್ಯಕೀಯ ಸಂಶೋಧನೆಯಿಂದ ಬಂದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು. ‘ಮಾನ್ಪೊ-ಕೆ’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ವಯಸ್ಸಾದ ಅಮೆರಿಕನ್ ಮಹಿಳೆಯರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,400 ಹೆಜ್ಜೆಗಳಿಗೇ ಸಾವಿನ ಪ್ರಮಾಣ ಗಣನೀಯವಾಗಿ ಇಳಿದಿತ್ತು, ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಂಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ ವಾರದ ಲೆಕ್ಕವೇ ಹೊರತು ದಿನದ್ದಲ್ಲ.

ಒಂದು ದಿನ ತಪ್ಪಿದರೆ ಅಭ್ಯಾಸವೇ ಕೈತಪ್ಪುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಹಿಂಬಾಲಿಸಿ ನೋಡಿದಾಗ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂದು ಅವರು ಅಂದಾಜಿಸಿದರು. ನಡುವೆ ಒಂದು ದಿನ ತಪ್ಪಿದ್ದು ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಮಾಡಲಿಲ್ಲ.

ದೇಹದ ದೃಷ್ಟಿಯಿಂದಲಂತೂ ಬಿಡುವಿನ ದಿನ ಅನಿವಾರ್ಯ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಹಗುರವಾಗಿದೆ ಎಂದು ದೂರ ಹೆಚ್ಚಿಸುತ್ತಾ ಹೋದವರ ಕಣಕಾಲು ಒಂದು ದಿನ ಪ್ರತಿಭಟಿಸುವುದು ಈ ಅಂತರದಿಂದಾಗಿ. ಮಣಿಕಟ್ಟಿನ ಗಡಿಯಾರ ನಾಡಿಮಿಡಿತವನ್ನು ಎಣಿಸಬಲ್ಲದು, ಮೂಳೆಯ ದಣಿವು ಅದಕ್ಕೆ ಕಾಣದು. ಹೊಸದಾಗಿ ಓಡಲು ಹೊರಟವರಿಗೆ ನಾನು ‘ಕೌಚ್ ಟು 5ಕೆ’ (ಸೋಫಾದಿಂದ ಐದು ಕಿಲೋಮೀಟರ್ ಓಟದವರೆಗೆ) ಮಾದರಿಯ ಆ್ಯಪ್‌ಗಳನ್ನು ಸೂಚಿಸುವುದಕ್ಕೆ ಇದೇ ಕಾರಣ: ಒಂಬತ್ತು ವಾರ, ವಾರಕ್ಕೆ ಮೂರೇ ಓಟ, ನಡುವೆ ವಿಶ್ರಾಂತಿ, ಮೊದಲ ವಾರಗಳಲ್ಲಿ ಓಟಕ್ಕಿಂತ ನಡಿಗೆಯೇ ಹೆಚ್ಚು. ಆ್ಯಪಲ್ ವಾಚ್ ಕೂಡ 2024ರಲ್ಲಿ ಬಂದ ವಾಚ್‌ಓಎಸ್ 11 ತಂತ್ರಾಂಶದಿಂದ ದಿನದ ಗುರಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು, ಸತತ ದಿನಗಳ ಲೆಕ್ಕ ಕಡಿಯದಂತೆ ವಿಶ್ರಮಿಸಲು ಅವಕಾಶ ಕೊಟ್ಟಿದೆ. ಇಷ್ಟು ತಡವಾಗಿಯಾದರೂ ಬಂತಲ್ಲ ಎಂದು ನನಗೆ ನಿಜಕ್ಕೂ ಸಮಾಧಾನವಾಯಿತು.

ಬ್ಯಾಂಕ್ ಉದ್ಯೋಗಿಯ ಜೊತೆ ಕುಳಿತು ನಾವು ಆ್ಯಪ್‌ನ ಸೆಟ್ಟಿಂಗ್ಸ್ ಬದಲಿಸಿದೆವು. ದಿನದ ಗುರಿ ತೆಗೆದು ವಾರಕ್ಕೆ ನಾಲ್ಕು ಚಟುವಟಿಕೆ ಎಂದು ಬರೆದೆವು. ಓಟ ನಿಲ್ಲಿಸಿದ ಮೂರು ವಾರ ಈಜು ಮತ್ತು ಸೈಕ್ಲಿಂಗ್ ದಾಖಲಾದವು. ಲೆಕ್ಕ ಬರಿದಾಗಲಿಲ್ಲ, ಗೆಳೆಯರ ಮೆಚ್ಚುಗೆಯೂ ನಿಲ್ಲಲಿಲ್ಲ. ಮರಳಿ ಓಡತೊಡಗಿದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಕ್ರಮವನ್ನಿಟ್ಟು, ವೇಗದ ಅಂಕಿ ಪರದೆಯ ಮೇಲೆ ಬಾರದಂತೆ ಮರೆಮಾಡಿದೆವು. ಪ್ರತಿ ಓಟದ ಕೆಳಗೆ ಟಿಪ್ಪಣಿ ಬರೆಯುವ ಜಾಗದಲ್ಲಿ ಅವರು ಈಗ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಯ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಬರೆದಿಡುತ್ತಾರೆ. ಮೂರಕ್ಕಿಂತ ಹೆಚ್ಚಾದರೆ ಆ ದಿನ ಓಟವಿಲ್ಲ. ತಪಾಸಣೆಗೆ ಬಂದಾಗ ಅವರ ಫೋನಿನಲ್ಲಿ ನಾನು ಮೊದಲು ಓದುವುದು ಆ ಟಿಪ್ಪಣಿಗಳನ್ನೇ.