ಪ್ಲೇಟ್‌ಲೆಟ್ ಇಳಿದದ್ದೆಲ್ಲ ಡೆಂಗಿಯಲ್ಲ

ಮಳೆಗಾಲದಲ್ಲಿ ಪ್ಲೇಟ್‌ಲೆಟ್ 20,000ಕ್ಕೆ ಇಳಿಯಿತೆಂದರೆ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಡೆಂಗಿ. ಅನೇಕ ಸಲ ಅದು ಸರಿಯೂ ಹೌದು. ಆದರೆ ಡೆಂಗಿ ಬಿಗಡಾಯಿಸಿದಾಗ ನಾಳಗಳಿಂದ ದ್ರವ ಸೋರಿ ರಕ್ತ ಮಂದವಾಗುತ್ತದೆ, ಹಿಮೋಗ್ಲೋಬಿನ್ ಏರುತ್ತದೆ. ಪ್ಲೇಟ್‌ಲೆಟ್ ಜೊತೆಗೆ ಹಿಮೋಗ್ಲೋಬಿನ್ ಕೂಡ ಕುಸಿದು, ಕಣ್ಣು ಹಳದಿಗಟ್ಟಿ, ರೋಗಿಯ ಮಾತು ತೊದಲುತ್ತಿದ್ದರೆ ರೋಗಶಾಸ್ತ್ರಜ್ಞರಾದ ನಾವು ಯಂತ್ರದ ಅಂಕಿಗಳನ್ನು ಬದಿಗಿಟ್ಟು, ಗಾಜಿನ ಮೇಲೆ ರಕ್ತ ಹರಡಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಕಣಗಳು ಒಂದರ ಮೇಲೊಂದು ಬೀಳದಷ್ಟು ತೆಳುವಾಗಿ ರಕ್ತ ಹರಡಿರುವ ಕಡೆ ಹುಡುಕುತ್ತೇನೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳ ನಡುವೆ ತ್ರಿಕೋನದ ಚೂರುಗಳು, ಎರಡು ಕೊಂಬು ಮೂಡಿದ ಹೆಲ್ಮೆಟ್ ಆಕಾರದ ತುಂಡುಗಳು ಕಂಡರೆ ಎದೆ ಧಸಕ್ಕೆನ್ನುತ್ತದೆ. ಇವೇ ಸ್ಕಿಸ್ಟೋಸೈಟ್‌ಗಳು. ಥ್ರಾಂಬೋಟಿಕ್ ಥ್ರಾಂಬೋಸೈಟೋಪೆನಿಕ್ ಪರ್ಪ್ಯೂರಾ, ಅಂದರೆ ಟಿಟಿಪಿಯ ಶಂಕೆ ಹುಟ್ಟುವುದು ಇಲ್ಲಿಯೇ. ವರದಿ ಟೈಪಾಗುವವರೆಗೆ ಕಾಯದೆ ವಾರ್ಡಿಗೆ ಫೋನ್ ಮಾಡುತ್ತೇನೆ.

ನ್ಯೂಯಾರ್ಕಿನ ವೈದ್ಯ ಎಲಿ ಮೋಶ್ಕೊವಿಟ್ಜ್ 1924ರಲ್ಲಿ 16 ವರ್ಷದ ಹುಡುಗಿಯೊಬ್ಬಳಲ್ಲಿ ಈ ರೋಗವನ್ನು ಗುರುತಿಸಿದರು. ಮೂಲಕಾರಣ ಬಯಲಾಗಲು ಮುಕ್ಕಾಲು ಶತಮಾನ ಹಿಡಿಯಿತು. ರಕ್ತನಾಳದ ಒಳಪದರ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನನ್ನು ಉದ್ದುದ್ದ ಎಳೆಗಳಾಗಿ ಬಿಡುತ್ತದೆ. ಅದನ್ನು ಕತ್ತರಿಸುವ ಕಿಣ್ವ ಅಡಾಮ್‌ಟ್ಸ್-13. ಈ ಕಿಣ್ವ ಇಲ್ಲವಾದರೆ ಕತ್ತರಿಸದ ಎಳೆಗಳಿಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಮಿದುಳು, ಹೃದಯ, ಮೂತ್ರಪಿಂಡಗಳ ಕಿರುನಾಳಗಳು ಕಟ್ಟಿಕೊಳ್ಳುತ್ತವೆ. ಅಲ್ಲಿ ನುಸುಳುವ ಕೆಂಪುಕಣಗಳು ಹರಿದು ಚೂರಾಗುತ್ತವೆ. ಹೆಚ್ಚಿನ ರೋಗಿಗಳಲ್ಲಿ ದೇಹವೇ ಈ ಕಿಣ್ವದ ವಿರುದ್ಧ ಪ್ರತಿಕಾಯ ತಯಾರಿಸಿರುತ್ತದೆ. ಹುಟ್ಟಿನಿಂದಲೇ ಕೊರತೆ ಇರುವವರು ತೀರ ಕಡಿಮೆ.

ಟಿಟಿಪಿಯಾದರೆ, ಕಣಗಳು ಒಡೆದಾಗ ರಕ್ತಕ್ಕೆ ಸೇರುವ ಎಲ್‌ಡಿಎಚ್ ಕಿಣ್ವ ಏರಿರಬೇಕು, ಕೆಂಪುಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಇರಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಅವು ಕೆಟ್ಟಿದ್ದರೆ ನಂಜಿನಿಂದಾದ ಡಿಐಸಿಯ (ನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುವ ಸ್ಥಿತಿ) ಕಡೆ ನೋಡಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ: ಬಿ12 ಕೊರತೆ ತೀವ್ರವಾದಾಗಲೂ ಸ್ಲೈಡಿನಲ್ಲಿ ಇಂಥದೇ ಚೂರುಗಳು ಕಾಣುತ್ತವೆ. ಅಲ್ಲಿ ಹೊಸ ಕೆಂಪುಕಣಗಳ ಸಂಖ್ಯೆ, ಅಂದರೆ ರೆಟಿಕ್ಯುಲೋಸೈಟ್ ಎಣಿಕೆ, ತಗ್ಗಿರುತ್ತದೆ, ಟಿಟಿಪಿಯಲ್ಲಿ ಏರಿರುತ್ತದೆ. ಈ ಅಗ್ಗದ ಪರೀಕ್ಷೆಯನ್ನು ಬರೆಯಲು ಮರೆಯುವವರೇ ಹೆಚ್ಚು.

ಅಡಾಮ್‌ಟ್ಸ್-13 ಚಟುವಟಿಕೆ ಶೇ 10ಕ್ಕಿಂತ ಕಡಿಮೆ ಇದ್ದರೆ ರೋಗ ಖಚಿತ. ಅದರ ಮಾದರಿಯನ್ನು, ಚಿಕಿತ್ಸೆಯಾಗಿ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡುವ ಮೊದಲೇ ತೆಗೆದಿಡಬೇಕು. ದಾನಿಯ ಪ್ಲಾಸ್ಮಾದಲ್ಲಿ ಆ ಕಿಣ್ವ ಇರುವುದರಿಂದ ಆಮೇಲಿನ ಫಲಿತಾಂಶವನ್ನು ನಂಬುವಂತಿಲ್ಲ. ವರದಿ ಬರಲು ಎಷ್ಟೋ ಕಡೆ ದಿನಗಳೇ ಬೇಕು. ಚಿಕಿತ್ಸೆ ಸಿಗದವರಲ್ಲಿ ಶೇ 90ರಷ್ಟು ಮಂದಿ ಸಾಯುವ ರೋಗವಿದು. ಹಾಗಾಗಿ ಶಂಕೆ ಬಲವಾಗಿದ್ದರೆ ವರದಿಗೆ ಕಾಯದೆ ಪ್ಲಾಸ್ಮಾ ವಿನಿಮಯ (ರೋಗಿಯ ಪ್ಲಾಸ್ಮಾ ತೆಗೆದು ದಾನಿಯದನ್ನು ತುಂಬುವುದು) ಮತ್ತು ಸ್ಟಿರಾಯ್ಡ್ ಆರಂಭಿಸುತ್ತಾರೆ. ಪ್ಲೇಟ್‌ಲೆಟ್ ಚೀಲಕ್ಕಾಗಿ ರಕ್ತನಿಧಿಗೆ ಓಡಿದ ಬಂಧುಗಳನ್ನು ಮಾತ್ರ ವಾಪಸು ಕರೆಸಬೇಕಾಗುತ್ತದೆ: ಜೀವಕ್ಕೆ ಕುತ್ತು ತರುವ ರಕ್ತಸ್ರಾವ ಇಲ್ಲದಿದ್ದರೆ ಇಲ್ಲಿ ಪ್ಲೇಟ್‌ಲೆಟ್ ಕೊಡುವುದಿಲ್ಲ.