ಬಲಪ್ರಯೋಗ ಯಾವಾಗ ಸರಿ? ಶಾಂತಿವಾದದ ಪಾಠಕ್ಕೊಂದು ಟಿಪ್ಪಣಿ

ಶಾಂತಿವಾದದ ಪ್ರಶ್ನೆ ಬಂದ ಕೂಡಲೇ ಬುದ್ಧ, ಅಶೋಕ, ಗಾಂಧಿ ಎಂದು ಮೂರು ಹೆಸರು ಬರೆದು, ‘ಹಿಂಸೆ ಯಾವ ಕಾಲಕ್ಕೂ ಸಲ್ಲದು’ ಎಂದು ಮುಗಿಸುವ ಅಭ್ಯಾಸ ನಮ್ಮಲ್ಲಿ ಉಂಟು. ಈ ಮೂವರಲ್ಲಿ ಇಬ್ಬರು ಅಷ್ಟು ಸಲೀಸಾಗಿ ಹಾಗೆ ಹೇಳಿದವರಲ್ಲ.

ಅಶೋಕನ 13ನೇ ಶಿಲಾಶಾಸನವನ್ನು ಪೂರ್ತಿ ಓದಿ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂಬ ಪಶ್ಚಾತ್ತಾಪದ ಭಾಗ ಎಲ್ಲರಿಗೂ ಗೊತ್ತು. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ಪಶ್ಚಾತ್ತಾಪಪಟ್ಟರೂ ರಾಜನಿಗೆ ಶಕ್ತಿ ಉಳಿದಿದೆ, ತಪ್ಪು ದಾರಿ ಬಿಡಿ, ಇಲ್ಲದಿದ್ದರೆ ಸಾಯುತ್ತೀರಿ. ಗಾಂಧಿ 1920ರ ಆಗಸ್ಟ್ 11ರ ‘ಯಂಗ್ ಇಂಡಿಯಾ’ದಲ್ಲಿ, ಹೇಡಿತನ ಮತ್ತು ಹಿಂಸೆ ಇವೆರಡೇ ದಾರಿ ಉಳಿದರೆ ಹಿಂಸೆಯನ್ನೇ ಸೂಚಿಸುತ್ತೇನೆ ಎಂದು ಬರೆದರು. 1908ರಲ್ಲಿ ತನ್ನ ಮೇಲೆ ಹಲ್ಲೆಯಾದಾಗ ಹತ್ತಿರವಿದ್ದಿದ್ದರೆ ಏನು ಮಾಡಬೇಕಿತ್ತೆಂದು ಹಿರಿಯ ಮಗ ಕೇಳಿದ್ದಕ್ಕೆ, ಹಿಂಸೆಯಿಂದಲಾದರೂ ಕಾಪಾಡುವುದು ನಿನ್ನ ಕರ್ತವ್ಯವಾಗಿತ್ತು ಎಂದರಂತೆ. ಅಹಿಂಸೆ ಎಷ್ಟೋ ಪಾಲು ಮೇಲು ಎಂಬ ಮಾತೂ ಅದೇ ಲೇಖನದಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಉದ್ಧರಿಸಿದರೆ ಅರ್ಥ ಕೆಡುತ್ತದೆ.

ಶಾಂತಿವಾದ ಒಂದೇ ಬಗೆಯದಲ್ಲ. ಕೊಲ್ಲುವುದು ಎಲ್ಲ ಸಂದರ್ಭದಲ್ಲೂ ತಪ್ಪು ಎನ್ನುವುದು ಪೂರ್ಣ ಶಾಂತಿವಾದ. ಆಯುಧ ಹಿಡಿದು ಮಾಡುವ ಎಲ್ಲ ಯುದ್ಧವನ್ನೂ ನಿರಾಕರಿಸಿದ ಕ್ವೇಕರರೆಂಬ ಕ್ರೈಸ್ತ ಪಂಥದವರ 1660ರ ಘೋಷಣೆಯನ್ನು ಇದರ ಹತ್ತಿರ ಇಡಬಹುದು. ಸಾಂದರ್ಭಿಕ ಶಾಂತಿವಾದ ಬೇರೆ: ತತ್ತ್ವದಲ್ಲಿ ಬಲಪ್ರಯೋಗ ಸರಿಯಾಗಬಹುದು, ಆದರೆ ಈಗಿನ ಯುದ್ಧದಲ್ಲಿ ನಿರಪರಾಧಿಗಳು ಸಾಯದೆ ಉಳಿಯುವುದಿಲ್ಲ, ಆದ್ದರಿಂದ ಬೇಡ. ಈ ನಿಲುವಿನವರು ಸಂದರ್ಭ ಬದಲಾದರೆ ಮಾತು ಬದಲಿಸಬಲ್ಲರು. ಸೈನ್ಯಕ್ಕೆ ಸೇರಬೇಡಿ ಎಂದು ಯುವಕರಿಗೆ ಹೇಳುತ್ತಿದ್ದ ಐನ್‌ಸ್ಟೈನ್, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ, ತಾನು ಬೆಲ್ಜಿಯಂನವನಾಗಿದ್ದರೆ ಸೇರುತ್ತಿದ್ದೆ ಎಂದರು. ಪೂರ್ಣ ಶಾಂತಿವಾದಿ ಹೀಗೆ ಹೇಳಿದರೆ ಅದು ಸೋಲು, ಸಾಂದರ್ಭಿಕ ಶಾಂತಿವಾದಿ ಹೇಳಿದರೆ ಅಲ್ಲ.

ಪೂರ್ಣ ಶಾಂತಿವಾದದ ಮೇಲಿನ ಗಟ್ಟಿ ಆಕ್ಷೇಪ ಬ್ರಿಟಿಷ್ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್ಕೂಂಬ್ ಅವರದ್ದು, 1961ರದ್ದು. ನಿರಪರಾಧಿಯ ರಕ್ತ, ಆಕ್ರಮಣಕಾರನ ರಕ್ತ ಎರಡೂ ಒಂದೇ ಎಂದು ಕಲಿಸಿದರೆ, ಯುದ್ಧ ಬಿಡಲಾಗದವನು ‘ಹೇಗೂ ಪಾಪವೇ, ಇನ್ನು ಮಿತಿ ಯಾಕೆ’ ಎಂದು ನಗರಕ್ಕೇ ಬಾಂಬು ಹಾಕುತ್ತಾನೆ ಎಂಬುದು ಅದರ ಸಾರ.

ಈ ಆಕ್ಷೇಪಕ್ಕೆ ಜೈನರಲ್ಲಿ ಉತ್ತರ ಮೊದಲೇ ಇತ್ತು ಅನಿಸುತ್ತದೆ. ಅವರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದೇ ಮಾಡಿದ್ದು ಸಂಕಲ್ಪೀ. ಅಡುಗೆ, ಕಸಗುಡಿಸುವಂಥ ಮನೆಗೆಲಸದಲ್ಲಿ ಆಗುವುದು ಆರಂಭೀ, ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ, ತನ್ನನ್ನೋ ತನ್ನವರನ್ನೋ ಕಾಪಾಡುವಾಗ ಆಗುವುದು ವಿರೋಧೀ. ಮುನಿ ನಾಲ್ಕನ್ನೂ ಬಿಡಬೇಕು, ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಟ್ಟು ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಹಿಂಸೆ ಹಿಂಸೆಯೇ, ಆದರೆ ತೂಕ ಒಂದೇ ಅಲ್ಲ. ಪಂಪನ ‘ಆದಿಪುರಾಣ’ದಲ್ಲಿ (941) ಭರತ ಬಾಹುಬಲಿಯರ ಸೇನೆ ಸುಮ್ಮನೆ ಸಾಯಬಾರದೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಕ್ಕೆ ಇಬ್ಬರನ್ನು ಒಪ್ಪಿಸುತ್ತಾರೆ. ಕೆಟ್ಟದ್ದು ಎಲ್ಲಿ ಎಂದು ಗಮನಿಸಿ: ಮೂರರಲ್ಲೂ ಸೋತ ಭರತ ಚಕ್ರರತ್ನ ಎಸೆಯುತ್ತಾನೆ. ಮಿತಿ ಹಾಕಿಕೊಂಡ ಯುದ್ಧ ಮುರಿಯುವುದು ಸಾಮಾನ್ಯವಾಗಿ ಸೋಲುವವನ ಕೈಯಲ್ಲೇ.

ಇನ್ನು ಬಲಪ್ರಯೋಗವನ್ನು ಅಳೆಯುವ ಕ್ರಮ. ಕೆಲವು ಷರತ್ತುಗಳಿಗೆ ಒಳಪಟ್ಟರೆ ಮಾತ್ರ ಬಲಪ್ರಯೋಗ ಸರಿ ಎನ್ನುವ ನಿಲುವಿಗೆ ನ್ಯಾಯಯುದ್ಧವಾದ ಎಂದು ಹೆಸರು. ಪುಸ್ತಕದಲ್ಲಿ ಏಳೆಂಟು ಮಾನದಂಡ ಇರುತ್ತವೆ, ನಾಲ್ಕು ಸಾಕು: ಕಾರಣ ನ್ಯಾಯವೇ, ಬೇರೆ ದಾರಿ ಇರಲಿಲ್ಲವೇ, ಪ್ರಮಾಣ ಮೀರಿತೇ, ಏಟು ಬಿದ್ದದ್ದು ಯಾರಿಗೆ. ಕಾಸರಗೋಡಿನ ತೋಟದಿಂದಲೇ ಉದಾಹರಣೆ ತೆಗೆದುಕೊಳ್ಳುವ. ಕಾಡುಹಂದಿ, ಅಡಿಕೆ ಕಳ್ಳ ಇಬ್ಬರ ಕಾಟಕ್ಕೂ ಒಬ್ಬರು ಬೇಲಿಯ ತಂತಿಗೆ ಮನೆಯ 230 ವೋಲ್ಟ್ ಕರೆಂಟನ್ನು ನೇರ ಕೊಟ್ಟು ಮಲಗುತ್ತಾರೆ ಎನ್ನಿ. ಕಾರಣ ನ್ಯಾಯವೇ, ಬೆಳೆ ಅವರದ್ದು. ಬೇರೆ ದಾರಿ? ಸೋಲಾರ್ ಬೇಲಿ ಉಂಟು. ಅದರ ಯಂತ್ರ ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಹರಿಯುವ ಶಕ್ತಿ ಕಡಿಮೆ. ಮುಟ್ಟಿದ್ದು ಬೆಚ್ಚಿ ಹಿಂದೆ ಸರಿಯುತ್ತದೆ. ನೇರ ಲೈನಿನ ಕರೆಂಟು ಬಿಡುವಿಲ್ಲದೆ ಹರಿದು ಸ್ನಾಯು ಬಿಗಿಯುತ್ತದೆ, ಹಿಡಿದ ಕೈ ತಂತಿ ಬಿಡುವುದೇ ಇಲ್ಲ. ಒಂದು ಗೊನೆ ಅಡಿಕೆಗೆ ಒಂದು ಜೀವ ಎಂದಾಗ ಪ್ರಮಾಣವೂ ಹೋಯಿತು. ಕೊನೆಯ ಪ್ರಶ್ನೆಯಲ್ಲಂತೂ ಈ ಬೇಲಿ ಪೂರ್ತಿ ಸೋಲುತ್ತದೆ, ಏಕೆಂದರೆ ತಂತಿಗೆ ಮುಖ ಗೊತ್ತಿಲ್ಲ. ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೊರಟವನೂ, ದನ ಹುಡುಕಿ ಬಂದ ನೆರೆಮನೆಯ ಹುಡುಗನೂ ಅದಕ್ಕೆ ಹಂದಿಯೇ. ನೆಲಬಾಂಬಿನ ಮೇಲಿನ ನೈತಿಕ ಆಕ್ಷೇಪವೂ ಇದೇ.

ಕಾನೂನೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳು ಆತ್ಮರಕ್ಷಣೆಯವು (ಹಳೆಯ ಐಪಿಸಿಯಲ್ಲಿ 96ರಿಂದ 106). 37ನೆಯದನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ: ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸೊತ್ತಿನ ರಕ್ಷಣೆಗೆ ಪ್ರಾಣ ತೆಗೆಯುವ ಹಕ್ಕು 41ನೇ ಕಲಮಿನ ಕೆಲವೇ ಸಂದರ್ಭಗಳಿಗೆ, ಅಂದರೆ ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿಯಂಥವಕ್ಕೆ, ಸೀಮಿತ. ಬರೀ ಕಳ್ಳತನವಾದರೆ, ಸಾವಿನ ಅಥವಾ ತೀವ್ರ ಗಾಯದ ನ್ಯಾಯವಾದ ಭಯವೂ ಜೊತೆಗಿರಬೇಕು. ದೇಶಗಳ ನಡುವೆ ಆದರೆ ವಿಶ್ವಸಂಸ್ಥೆಯ ಸನ್ನದಿನ 2(4) ಬಲಪ್ರಯೋಗ ನಿಷೇಧಿಸುತ್ತದೆ, 51 ಆತ್ಮರಕ್ಷಣೆಗೆ ಎಡೆ ಬಿಡುತ್ತದೆ.

ಹೆಚ್ಚಿನವರು ಎಡವುವುದು ಒಂದೇ ಕಡೆ: ಕಾರಣ ನ್ಯಾಯವಾದ ಕೂಡಲೇ ಮಾಡಿದ್ದೆಲ್ಲ ನ್ಯಾಯ ಎಂದು ತೀರ್ಮಾನಿಸುವುದು. ಇದನ್ನು ಪರೀಕ್ಷಿಸಲು ಕಯ್ಯೂರಿನ ರೈತ ಹೋರಾಟಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿಲ್ಲ. ಆಗ ಕಾಸರಗೋಡು ತಾಲೂಕು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. ಜಮೀನ್ದಾರಿಕೆಯ ವಿರುದ್ಧ ರೈತರು ಸಂಘಟಿತರಾಗಿದ್ದರು, ಪೊಲೀಸರ ದಬ್ಬಾಳಿಕೆಯೂ ನಡೆದಿತ್ತು. 1941ರ ಮಾರ್ಚ್ 28ರಂದು ಪ್ರತಿಭಟನೆಯ ಮೆರವಣಿಗೆಗೆ ಒಬ್ಬ ಪೊಲೀಸ್ ಪೇದೆ ಎದುರಾದ. ಅವನ ಕೈಗೆ ಕೆಂಬಾವುಟ ಕೊಟ್ಟು ನಡೆಸಿದರು. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿದ, ಕಲ್ಲು ಬಿದ್ದವು, ಮುಳುಗಿ ಸತ್ತ. ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಯ ಸಣ್ಣದೆಂದು ನೇಣಿನಿಂದ ಪಾರಾದ.

ನಾಲ್ಕು ಪ್ರಶ್ನೆ ಹಾಕಿ ನೋಡಿ. ಕಾರಣದಲ್ಲಿ ರೈತರ ಪರ ಬರೆಯಬಹುದು, ನಾನೂ ಹಾಗೆಯೇ ಬರೆಯುತ್ತೇನೆ. ಪೇದೆ ನೀರಿಗಿಳಿದ ಮೇಲೆ ಅವನಿಂದ ಅಪಾಯ ಉಳಿದಿರಲಿಲ್ಲ, ಆದ್ದರಿಂದ ಆ ಕಲ್ಲುಗಳನ್ನು ಆತ್ಮರಕ್ಷಣೆ ಎನ್ನಲು ಬರುವುದಿಲ್ಲ. ಇಷ್ಟಕ್ಕೇ ನಿಂತರೆ ಅರ್ಧ ಉತ್ತರ. ಗಲ್ಲು ಕೂಡ ಬಲಪ್ರಯೋಗವೇ, ಅದನ್ನೂ ಅದೇ ತಕ್ಕಡಿಗೆ ಹಾಕಬೇಕು: ಕೈ ಕಟ್ಟಿ ನಿಲ್ಲಿಸಿದ ನಾಲ್ವರಿಂದ ಸರಕಾರಕ್ಕೆ ಆ ಬೆಳಿಗ್ಗೆ ಯಾವ ಅಪಾಯ ಇತ್ತು? ಗುಂಪಿನಿಂದ ಬಿದ್ದ ಕಲ್ಲುಗಳಲ್ಲಿ ಯಾರ ಕಲ್ಲಿಗೆ ಯಾರ ಕುತ್ತಿಗೆ? ಪೂರ್ಣ ಶಾಂತಿವಾದಿ ಹೊಳೆಯ ಸಾವು, ಜೈಲಿನ ಸಾವು ಎರಡನ್ನೂ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾನೆ. ನ್ಯಾಯಯುದ್ಧದವರು ಹಾಗೆ ಮಾಡುವಂತಿಲ್ಲ, ಎರಡಕ್ಕೂ ಬೇರೆ ಬೇರೆ ಲೆಕ್ಕ ಕೊಡಬೇಕು.